ಸುಣ್ಣದ ಡಬ್ಬಿ

ಡಿಸೆಂಬರದಾಗ ಬೀದರದ ಗಾಳಿಗಿ
ಹಲ್ಲು ಬರ್ತಾವ.
ಕೋಟಿ ಕಡಿಂದ ಇಳದು
ಮಂಗಲಪೇಟಿ ಸಂದಿಗುಂಟ ಬಂದು
ಮೊದಲು ಕಡಿಯೋದು ನನ್ನ ಗಂಡನ ತುಟಿ.

ತಿಮೋಥಿ ಕಾರ್ನೆಟ್ ಊದ್ತಾನ, ಮದುವಿ ಬ್ಯಾಂಡಿನಾಗ.
ಕೆಂಪು ಕೋಟು, ಜರಿ ಅಂಚು, ಭುಜದ ಮ್ಯಾಲ ಗೊಂಡೆ.
ಕೋಟಿನ ಗುಂಡಿ ಹೋದ್ರ ನಡೀತದ,
ಬೂಟು ಹರದ್ರೂ ನಡೀತದ,
ತುಟಿ ಒಡದ್ರ ಮಾತ್ರ
ಇಡೀ ಬಾರಾತು ಕುಂಟ್ತದ.

ಭಾಲ್ಕಿ ಮದುವ್ಯಾಗ ಮ್ಯಾಲಿನ ಸುರ ಹಿಡಿಯೋ ಹೊತ್ನಾಗ
ಬಿರದು, ರಕ್ತ ಹಿತ್ತಾಳಿ ಒಳಗ ಇಳೀತಂತ.
'ರುಚಿ ಹ್ಯಾಂಗಿತ್ತು?' ಕೇಳ್ದೆ.
'ನಾಣ್ಯ ಚೀಪಿದಂಗ' ಅಂದ.

ಮೆಡಿಕಲ್ ಅಂಗಡ್ಯಾಗ ಒಂದು ಕಡ್ಡಿ ಸಿಕ್ತು,
ಸ್ಟ್ರಾಬೆರಿ ವಾಸನಿ, ತುಸು ಗುಲಾಬಿ ಬಣ್ಣ.
'ಇದನ್ನ ಹಚ್ಚಿ ನಿಂತ್ರ
ಡೋಲಿನ ತುಳಸೀರಾಮ ವರ್ಷಪೂರ್ತಿ ನಗ್ತಾನ'
ಅಂತ ಅದನ್ನ ಮಗಳ ಕಂಪಾಸಿನಾಗ ಹಾಕಿಬಿಟ್ಟ.

ಮಹಮೂದಾ ಆಪಾನ ಮನ್ಯಾಗ ಬಿದರಿ ಕೆಲಸ.
ಮೇಣ ಅಲ್ಲಿಂದ ಬಂತು, ನಿಂಬಿಹಣ್ಣಿನಷ್ಟು.
ಅದರಾಗ ಒಂದು ಜೇನುಹುಳದ ಕಾಲು
ಇನ್ನೂ ಎಲ್ಲಿಗೋ ಹೊಂಟಂಗ ಸಿಕ್ಕೊಂಡಿತ್ತು.
ಕುಸುಬಿ ಎಣ್ಣಿ ಮನ್ಯಾಗೇ ಇತ್ತು.

ಪಾತ್ರ್ಯಾಗ ನೀರು, ನೀರಾಗ ಬಟ್ಟಲು, ಬಟ್ಟಲದಾಗ ಮೇಣ.
ಲಗೂನ ಕರಗಂಗಿಲ್ಲ ಅದು.
ಮುನಿಸಿಕೊಂಡ ಬೀಗರಂಗ ಒಂದು ಮಗ್ಗಲಾಗಿ ಕೂತಿರ್ತದ,
ಆಮ್ಯಾಲ ಯಾರೂ ನೋಡಲಾರದಾಗ
ಬಂದು ಪಂಕ್ತ್ಯಾಗ ಕೂಡ್ತದ.

ಮೊದಲ ಸಲ ಮೇಣ ಜಾಸ್ತಿ. ಉಗುರು ಇಳೀಲಿಲ್ಲ.
ಮಗಳು ನಡುಕ ದಾರ ಇಟ್ಟು ಹಚ್ಚಿದ್ಲು,
ಕರೆಂಟ್ ಹೋದಾಗ ಉಪಯೋಗ ಬಿತ್ತು.
ಎರಡನೇ ಸಲ ಎಣ್ಣಿ ಜಾಸ್ತಿ.
ಅದನ್ನ ಬಾಗಿಲದ ಬಿಜಾಗರಿಗಿ ಸುರದೆ,
ಕಿರ್ ಅನ್ನೋದು ಬಿಟ್ತು ಬಾಗಿಲಾ.
ಮೂರನೇ ಸಲ ಮೇಣ ಒಂದು ಚಮಚ, ಎಣ್ಣಿ ನಾಲ್ಕು,
ಬೆರಳ ತುದಿಯಷ್ಟು ತುಪ್ಪ.

ತುಂಬಾಕ ಡಬ್ಬಿ?
ಅತ್ತಿ ರಾಹೇಲಮ್ಮ ತನ್ನ ಹಿತ್ತಾಳಿ ಸುಣ್ಣದ ಡಬ್ಬಿ ಕೊಟ್ಲು.
'ನನಗ ಪ್ಲಾಸ್ಟಿಕಿಂದು ಸಾಕು' ಅಂದ್ಲು.
ಹುಣಸಿಹಣ್ಣು ಹಾಕಿ ಮೂರು ದಿನ ತಿಕ್ಕಿದೆ.
ಸುಣ್ಣ ಏನು ಮಾಡ್ತದಂತ ನನಗ ಗೊತ್ತದ.
ಮೊದಲು ನನ್ನ ತುಟಿಗಿ ಹಚ್ಚಿ
ನೂರರ ತನಕ ಎಣಿಸಿದೆ.

ಅವ ಹಚ್ಚಿಕೊಂಡು ಒಂದು ಉಸಿರು ಊದಿ
ಕಾರ್ನೆಟ್ ಕೆಳಗಿಟ್ಟ.
'ಜಾರ್ತದ.
ಬಾಯಿ ನಿಲ್ಲಂಗಿಲ್ಲ ತುಟಿ ಮ್ಯಾಲ.
ಸಾ ಹಿಡದ್ರ ನಿ ಬರ್ತದ.'

ಒಂದು ವಾರದ ಕೆಲಸ.
ನಾ ಮಾತಾಡಲಿಲ್ಲ.
ಬಟ್ಟಲಕ್ಕ ಅಂಟಿದ ಮೇಣ ಕೆರಕೋತ ಕೂತೆ,
ಬೇಕಾಗಿದ್ದಕ್ಕಿಂತ ಜೋರಿಂದ.
ಅವನೇ ಅಂದ ಆಮ್ಯಾಲ:
'ಊದಾಕ ಹೋಗೋ ಮುಂದ ಬ್ಯಾಡ.
ಊದಿ ಬಂದ ಮ್ಯಾಲ ಹಚ್ಚು.'

ಈಗ ಅವ ರಾತ್ರಿ ಎರಡಕ್ಕ ಬರ್ತಾನ,
ಕೋಟಿನ ತುಂಬ ಮಂದಿ ಅತ್ತರು, ಪಟಾಕಿ ಹೊಗಿ.
ಬಾಗಿಲಾ ಸಪ್ಪಳ ಮಾಡಂಗಿಲ್ಲ.
ತುಟಿ ನಡುಕ ಹಿತ್ತಾಳಿ ಒತ್ತಿದ ದುಂಡನ ಗುರುತು,
ಬ್ಯಾರೆಯವರ ಮದುವಿ ಹಾಕಿದ ಸಿಕ್ಕಾ.
ನಾ ಉಂಗುರದ ಬೆರಳಿಂದ ಒಂದಿಷ್ಟು ತಗದು
ಆ ಗುರುತಿನ ಸುತ್ತ ಸಾವಕಾಶ.
'ಮಾತಾಡಬ್ಯಾಡ. ಹೀರಲಿ.'
ಊರಿಗೆಲ್ಲ ಊದೋ ಬಾಯಿ
ಅಷ್ಟೊತ್ತು ಸುಮ್ಮ ಇರ್ತದ.
ಅದು ನನ್ನ ಪಾಲು.

ಹೋದ ರವಿವಾರ ಮುಂಜಾನಿ ನೋಡ್ತೀನಿ,
ಡಬ್ಬ್ಯಾಗ ನಂದಲ್ಲದ ಬೆರಳಿನ ಕುಣಿ.
ಗುಡಿಗಿ ಹೋಗೋರು ಬ್ಯಾರೆ, ಚರ್ಚಿಗಿ ಹೋಗೋರು ಬ್ಯಾರೆ,
ಎಲಿ ಜಗಿಯೋರು ಎಲ್ಲಾ ಒಂದೇ.
ಅತ್ತಿ ಕಟ್ಟಿ ಮ್ಯಾಲ ಕೂತು ಜಗೀಲಾಕತ್ತಿದ್ಲು.
ನಲವತ್ತು ವರ್ಷದ ಕೈ,
ಕತ್ತಲದಾಗ ಹಳೀ ಡಬ್ಬಿಗೇ ಹೋಗ್ಯಾದ.
'ಏನವ್ವಾ, ಈಗಿನ ಸುಣ್ಣಕ್ಕ
ಉರಿನೇ ಇಲ್ಲ' ಅಂದ್ಲು.
ತುಟಿ ಮಿಂಚ್ಲಾಕತ್ತಿದ್ದವು.

ನಾ ಹೇಳಲಿಲ್ಲ.
ನಾಲ್ಕನೇ ಸಲಕ್ಕ ನೀರಿಟ್ಟೆ.